ಶಾಖವೋ, ಮಂಜುಗಡ್ಡೆಯೋ? ಮೊದಲು ಮುಟ್ಟಿ ನೋಡಿ

ಫಿಸಿಯೋಥೆರಪಿಗೆ ಬರುವವರಲ್ಲಿ ಬಹುತೇಕರು ಮನೆಯಲ್ಲಿ ಏನಾದರೊಂದು ಆರೈಕೆ ಮಾಡಿಕೊಂಡೇ ಬಂದಿರುತ್ತಾರೆ. ಒಬ್ಬರು ಬಿಸಿನೀರಿನ ಚೀಲ ಇಟ್ಟಿರುತ್ತಾರೆ, ಇನ್ನೊಬ್ಬರು ಹುರಿದ ಉಪ್ಪಿನ ಗಂಟಿನಿಂದ ಕಾವು ಕೊಟ್ಟಿರುತ್ತಾರೆ, ಮತ್ತೊಬ್ಬರು ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ ಮಂಡಿಗೆ ಕಟ್ಟಿಕೊಂಡಿರುತ್ತಾರೆ. ಕಬಡ್ಡಿಯನ್ನೋ ಕ್ರಿಕೆಟ್ಟನ್ನೋ ಆಡುವ ಹುಡುಗರಾದರೆ ಐಸ್ ಉಜ್ಜಿಕೊಂಡಿರುತ್ತಾರೆ. ಇವುಗಳಲ್ಲಿ ಯಾವುದನ್ನೂ ನಾನು ಮೂಢನಂಬಿಕೆ ಎನ್ನುವುದಿಲ್ಲ. ಬಿಸಿ ಮತ್ತು ತಂಪು ಎರಡೂ ನಿಜವಾಗಿಯೂ ನೋವನ್ನು ತಗ್ಗಿಸುತ್ತವೆ, ಅಗ್ಗದಲ್ಲಿ ಸಿಗುತ್ತವೆ, ಮಾತ್ರೆಗಳಂತೆ ಹೊಟ್ಟೆಯನ್ನಾಗಲಿ ಮೂತ್ರಪಿಂಡವನ್ನಾಗಲಿ ಕೆಡಿಸುವುದಿಲ್ಲ. ತೊಂದರೆ ಇರುವುದು ಆಯ್ಕೆಯಲ್ಲಿ. "ಮೊದಲ ಎರಡು ದಿನ ಐಸ್, ಆಮೇಲೆ ಬಿಸಿ" ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಮಾತ್ರ ನಿಜ, ಏಕೆಂದರೆ ಮೂರನೆಯ ದಿನವೂ ಕಾದು ಕೆಂಪಾಗಿರುವ ಕೀಲುಗಳಿರುತ್ತವೆ, ಮೊದಲ ದಿನವೇ ಬಿಸಿಯನ್ನು ಬಯಸುವ ಸೊಂಟಗಳೂ ಇರುತ್ತವೆ.

ಆದ್ದರಿಂದ ನಾನು ದಿನಗಳನ್ನು ಎಣಿಸುವುದಕ್ಕಿಂತ ಮೊದಲು ಮುಟ್ಟಿ ನೋಡುವುದನ್ನು ಹೇಳಿಕೊಡುತ್ತೇನೆ. ನೋವಿರುವ ಜಾಗಕ್ಕೆ ಕೈಯ ಹಿಂಬದಿಯನ್ನು ಎರಡು ಮೂರು ಕ್ಷಣ ತಾಗಿಸಿ, ಕೂಡಲೇ ಇನ್ನೊಂದು ಬದಿಯ ಅದೇ ಜಾಗಕ್ಕೆ ತಾಗಿಸಬೇಕು. ಮಂಡಿಯ ವಿಷಯದಲ್ಲಿ ಹೋಲಿಸಲು ಇನ್ನೊಂದು ಕಾಲೂ ಬೇಕಿಲ್ಲ. ಆರೋಗ್ಯವಾಗಿರುವ ಮಂಡಿಚಿಪ್ಪಿನ ಮೇಲಿನ ಚರ್ಮವು ತೊಡೆಗಿಂತಲೂ ಕೆಳಗಿನ ಕಾಲಿಗಿಂತಲೂ ತುಸು ತಣ್ಣಗಿರುತ್ತದೆ. ತೊಡೆಯಿಂದ ಕೆಳಕ್ಕೆ ಕೈ ಜಾರಿಸುತ್ತ ಬಂದಾಗ ಆ ತಂಪು ಸಿಗದೆ, ಚಿಪ್ಪಿನ ಸುತ್ತ ತೊಡೆಯಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಚ್ಚಗಿದ್ದರೆ ಒಳಗೆ ಉರಿಯೂತ ನಡೆದಿದೆ ಎಂದು ತಿಳಿಯಬೇಕು. ಬಿಸಿಯಾಗಿ, ಬಾತುಕೊಂಡು, ಮುಟ್ಟಿದರೆ ನೋಯುವ ಜಾಗಕ್ಕೆ ಮತ್ತೆ ಶಾಖ ಬೇಡ. ಬಾವಿಲ್ಲದೆ, ಬಿಸಿಯಿಲ್ಲದೆ, ಬರಿದೇ ಬಿಗಿದುಕೊಂಡು ಹಿಡಿದಂತಿರುವ ಜಾಗಕ್ಕೆ ಮಂಜುಗಡ್ಡೆಯಿಂದ ಸಿಗುವ ಲಾಭ ಕಡಿಮೆ.

ಕಾಲು ಉಳುಕಿದಾಗ ಆಗುವುದೇನು ಎಂಬುದನ್ನು ನೋಡೋಣ. ಪಾದ ಒಳಮಗ್ಗುಲಿಗೆ ಹೊರಳಿ, ಹರಡಿನ (ಪಾದ ಕಾಲಿಗೆ ಸೇರುವ ಕೀಲಿನ) ಹೊರಬದಿಯಲ್ಲಿ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್‌ನ ಎಳೆಗಳು ಹರಿಯುತ್ತವೆ. ಅವುಗಳೊಂದಿಗೆ ಸಣ್ಣ ರಕ್ತನಾಳಗಳೂ ಒಡೆದು, ರಕ್ತವೂ ದ್ರವವೂ ಸುತ್ತಲಿನ ಅಂಗಾಂಶಕ್ಕೆ ಸೋರುತ್ತವೆ. ಈ ಹೊತ್ತಿನಲ್ಲಿ ಶಾಖ ಕೊಟ್ಟರೆ ರಕ್ತನಾಳಗಳು ಹಿಗ್ಗಿ ಸೋರಿಕೆ ಹೆಚ್ಚುತ್ತದೆ. ತಂಪು ಇಟ್ಟರೆ ಅವು ಸಂಕುಚಿತಗೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ನೋವಿನ ಸಂದೇಶವನ್ನು ಒಯ್ಯುವ ನರಗಳ ವೇಗ ತಗ್ಗುತ್ತದೆ. ಚರ್ಮದ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದಾಗ ನೋವು ಸ್ಪಷ್ಟವಾಗಿ ಮಂದವಾಗುತ್ತದೆ.

ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಿ ಹಿಡಿಯಬಾರದು. ಫ್ರಿಜ್‌ನ ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸ್ವಲ್ಪ ನೀರು ಸೇರಿಸಿ, ಒಳಗಿನ ಗಾಳಿಯನ್ನು ಹೊರಗೊತ್ತಿ ಬಾಯಿ ಕಟ್ಟಬೇಕು. ಇಂಥ ಚೀಲ ಹರಡಿನ ಉಬ್ಬು ತಗ್ಗುಗಳಿಗೆ ಚೆನ್ನಾಗಿ ಹೊಂದಿಕೊಂಡು ಕೂರುತ್ತದೆ. ತೆಳುವಾದ ಒದ್ದೆ ಬಟ್ಟೆಯನ್ನು ಚರ್ಮದ ಮೇಲೆ ಹಾಸಿ, ಅದರ ಮೇಲೆ ಚೀಲವಿಟ್ಟು, ಕಾಲನ್ನು ಎರಡು ದಿಂಬುಗಳ ಮೇಲೆ ಎತ್ತರಿಸಿಕೊಂಡು 10ರಿಂದ 15 ನಿಮಿಷ ಮಲಗಿದರೆ ಸಾಕು. ಮೊದಲು ಥಂಡಿ, ಆಮೇಲೆ ಚುರುಚುರು ಉರಿ, ಅನಂತರ ಸೆಳೆತ, ಕೊನೆಗೆ ಮರಗಟ್ಟುವಿಕೆ ಹೀಗೆ ಅನುಭವಗಳು ಒಂದರ ಹಿಂದೊಂದು ಬರುತ್ತವೆ. ಮರಗಟ್ಟಿದೊಡನೆ ತೆಗೆಯಬೇಕು. ಎರಡು ಗಂಟೆಯ ನಂತರ ಬೇಕಿದ್ದರೆ ಮತ್ತೆ ಇಡಬಹುದು.

ಅಂಗಡಿಯಲ್ಲಿ ಸಿಗುವ ನೀಲಿ ಜೆಲ್ ಪ್ಯಾಕ್‌ಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕರಗುತ್ತಿರುವ ಮಂಜುಗಡ್ಡೆಯ ಉಷ್ಣತೆ ಸೊನ್ನೆ ಡಿಗ್ರಿಯಲ್ಲೇ ನಿಂತಿರುತ್ತದೆ, ಮತ್ತು ಒಂದು ಗ್ರಾಂ ಮಂಜುಗಡ್ಡೆ ಕರಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಜೆಲ್ ಪ್ಯಾಕ್ ಹಾಗಲ್ಲ. ಮನೆಯ ಫ್ರೀಜರ್‌ನಿಂದ ಆಗಷ್ಟೇ ತೆಗೆದಾಗ ಅದು ಸೊನ್ನೆಗಿಂತ 18 ಡಿಗ್ರಿಯಷ್ಟು ಕೆಳಗಿರಬಹುದು. ಮೆತ್ತಗಿದೆ ಎಂಬ ಕಾರಣಕ್ಕೆ ಅದನ್ನು ಬರಿ ಚರ್ಮಕ್ಕೆ ಕಟ್ಟಿಕೊಂಡು ನಿದ್ದೆಹೋದವರ ಚರ್ಮ ಹೆಪ್ಪುಗಟ್ಟಿ ಬೊಬ್ಬೆ ಎದ್ದದ್ದನ್ನು ನಾನು ಕಂಡಿದ್ದೇನೆ. ಮಂಡಿಯ ಹೊರಬದಿಯಲ್ಲಿ, ಮೂಳೆಯ ಗಂಟಿನ ಸ್ವಲ್ಪ ಕೆಳಗೆ, ಪಾದವನ್ನು ಮೇಲೆತ್ತುವ ನರ ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ. ಅಲ್ಲಿ ಬಹಳ ಹೊತ್ತು ಐಸ್ ಬಿಗಿದು ಕಟ್ಟಿದರೆ ಪಾದ ಜೋಲುವ ಸ್ಥಿತಿ ಬರಬಹುದು. ಮೊಣಕೈಯ ಒಳಬದಿಯ ನರಕ್ಕೂ ಇದೇ ಎಚ್ಚರಿಕೆ ಬೇಕು.

ಮಂಜುಗಡ್ಡೆಯಿಂದ ಗಾಯ ಬೇಗ ವಾಸಿಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ವಿಶ್ರಾಂತಿ, ಐಸ್, ಒತ್ತುಪಟ್ಟಿ, ಎತ್ತರಿಸುವಿಕೆ ಎಂಬ ನಾಲ್ಕಂಶದ ಸೂತ್ರಕ್ಕೆ 1978ರಲ್ಲಿ ಹೆಸರು ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಹಲವು ದಶಕಗಳ ಬಳಿಕ, ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವಿಕೆಯನ್ನು ನಿಧಾನಗೊಳಿಸಬಹುದು ಎಂದು ತಮ್ಮ ನಿಲುವನ್ನು ಬದಲಿಸಿಕೊಂಡರು. ಉರಿಯೂತವೆಂದರೆ ಶತ್ರುವಲ್ಲ, ಹರಿದ ಎಳೆಗಳನ್ನು ತೆರವುಗೊಳಿಸಿ ಹೊಸದನ್ನು ಹೆಣೆಯುವ ಜೀವಕೋಶಗಳು ಅದರ ಜೊತೆಯಲ್ಲೇ ಬರುತ್ತವೆ. 2019ರಲ್ಲಿ ಕ್ರೀಡಾವೈದ್ಯಕೀಯದ ತಜ್ಞರು ಮುಂದಿಟ್ಟ ಹೊಸ ಮಾರ್ಗಸೂಚಿಯಲ್ಲಿ ಐಸ್‌ಗೆ ಸ್ಥಾನವನ್ನೇ ಕೊಟ್ಟಿಲ್ಲ. ಅದರ ಒತ್ತು ಕ್ರಮೇಣ ಭಾರ ಹಾಕುವುದರ ಮೇಲೆ, ನೋವನ್ನು ಮೀರದ ಚಲನೆಯ ಮೇಲೆ ಇದೆ. ನನ್ನ ಅಭಿಪ್ರಾಯ ಇವೆರಡರ ನಡುವಿನದು. ಮೊದಲ ಒಂದೆರಡು ದಿನ ನೋವು ತಡೆಯಲು, ರಾತ್ರಿ ನಿದ್ದೆ ಬರಲು, ಪಾದವನ್ನು ಸ್ವಲ್ಪ ಆಡಿಸಲು ಐಸ್ ಬಳಸಿ. ವಾರಗಟ್ಟಲೆ ಉಳಿದಿರುವ ಬಾವನ್ನು ಐಸ್‌ನಿಂದ ಕರಗಿಸುತ್ತೇನೆಂದು ಹೊರಡಬೇಡಿ. ಆ ಬಾವನ್ನು ಇಳಿಸುವುದು ಮೀನಖಂಡದ ಚಲನೆ, ಅಂದರೆ ನಡಿಗೆ.

ನಡೆಯುವ ಮೊದಲು ಮೂಳೆ ಮುರಿದಿಲ್ಲವೆಂಬುದು ಖಚಿತವಾಗಬೇಕು. 1992ರಲ್ಲಿ ಕೆನಡಾದ ಒಟ್ಟಾವಾದ ವೈದ್ಯರು ರೂಪಿಸಿದ ನಿಯಮವೊಂದು ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎರಡೂ ಪಕ್ಕದ ಮೂಳೆಗಳ ಹಿಂಬದಿಯ ಅಂಚನ್ನು ಕೆಳತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್ ವರೆಗೆ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕು. ಪಾದದ ಒಳಬದಿಯ ಮತ್ತು ಕಿರುಬೆರಳಿನ ಕಡೆಯ ಮೂಳೆಗಳನ್ನೂ ಹೀಗೆಯೇ ಒತ್ತಿ ನೋಡಬೇಕು.

ನಮ್ಮ ಊರುಗಳಲ್ಲಿ ಇದಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವ ಸಂಗತಿ ಉಳುಕು ತಿಕ್ಕಿಸುವುದು. ಮರದಿಂದಲೋ ಸೈಕಲ್ಲಿನಿಂದಲೋ ಬಿದ್ದ ಮಗುವಿನ ಮೊಣಕೈ ಬಾತಾಗ, ಬಿಸಿ ಎಣ್ಣೆ ಹಚ್ಚಿ ನೀವಿ, ಎಳೆದು, ಶಾಖ ಕೊಟ್ಟು ಕಳಿಸುವವರು ಈಗಲೂ ಇದ್ದಾರೆ. ತಾಯಿತಂದೆಯರು ಅವರ ಬಳಿ ಹೋಗುವುದು ನಂಬಿಕೆಯಿಂದ, ಮಗು ಬೇಗ ಹುಷಾರಾಗಲೆಂಬ ಆಸೆಯಿಂದ. ಆದರೆ ಹೊಸ ಪೆಟ್ಟಿನ ಜಾಗದಲ್ಲಿ, ಅದರಲ್ಲೂ ಮೊಣಕೈಯಲ್ಲಿ, ಸ್ನಾಯುವಿನೊಳಗೆ ಕಟ್ಟಿದ ರಕ್ತವನ್ನು ಬಿಸಿ ಮತ್ತು ಬಲವಾದ ತಿಕ್ಕುವಿಕೆಯಿಂದ ಕೆಣಕಿದರೆ, ಆ ಸ್ನಾಯುವಿನಲ್ಲೇ ಮೂಳೆ ಬೆಳೆಯುವ ಅಪಾಯವಿದೆ. ವೈದ್ಯಕೀಯದಲ್ಲಿ ಇದಕ್ಕೆ ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಕೆಲವು ವಾರಗಳ ನಂತರ ನನ್ನ ಮುಂದೆ ಕೂರುವ ಮಗುವಿಗೆ ನೋವು ಬಹುಮಟ್ಟಿಗೆ ಹೋಗಿರುತ್ತದೆ, ಆದರೆ ಊಟದ ತುತ್ತು ಬಾಯಿಗೆ ತಲುಪುವುದಿಲ್ಲ. ಮೊಣಕೈ ಅರ್ಧಕ್ಕೇ ನಿಂತುಬಿಟ್ಟಿರುತ್ತದೆ, ಮಗು ಕೈಯನ್ನು ತರುವ ಬದಲು ತಲೆಯನ್ನೇ ತಟ್ಟೆಯ ಕಡೆಗೆ ಬಾಗಿಸುತ್ತದೆ. ಇಂಥ ಮೊಣಕೈಯನ್ನು ಒತ್ತಾಯದಿಂದ ಎಳೆದು ಸರಿಪಡಿಸಲು ಹೊರಟರೆ ಇನ್ನಷ್ಟು ಕೆಡುತ್ತದೆ. ಮಕ್ಕಳ ಮೊಣಕೈಗೆ ಪೆಟ್ಟಾದರೆ ಎಣ್ಣೆ ಬೇಡ, ಶಾಖ ಬೇಡ, ತಿಕ್ಕುವುದು ಬೇಡ. ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಆಸರೆಯಾಗಿಟ್ಟು ನೇರವಾಗಿ ಮೂಳೆತಜ್ಞರ ಬಳಿ ಕರೆದೊಯ್ಯಿರಿ.

ಇನ್ನು ಶಾಖದ ಮಾತು. ಬಗ್ಗಿ ಕೊಡ ಎತ್ತುವಾಗ ಸೊಂಟ ಹಿಡಿದುಕೊಳ್ಳುವುದು, ಬೆಳಗ್ಗೆ ಏಳುವಾಗ ಕುತ್ತಿಗೆ ಒಂದು ಕಡೆಗೆ ಹಿಡಿದಿರುವುದು, ಹಳೆಯ ಸವೆತದ ಮಂಡಿ ಚಳಿಗಾಲದಲ್ಲಿ ಬಿಗಿಯುವುದು, ಮುಟ್ಟಿನ ಹೊಟ್ಟೆನೋವು, ಇವು ಶಾಖದ ಕ್ಷೇತ್ರ. ಸೊಂಟನೋವಿಗೆ ಬಿಸಿ ಮತ್ತು ತಂಪಿನ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2006ರ ವಿಮರ್ಶೆಯಲ್ಲಿ, ಹೊಸದಾಗಿ ಶುರುವಾದ ನೋವಿಗೆ ಬಿಸಿ ಪಟ್ಟಿಯಿಂದ ಅಲ್ಪಾವಧಿಯ ಉಪಶಮನ ಸಿಗುವುದಕ್ಕೆ ಆಧಾರ ದೊರೆಯಿತು, ತಂಪಿಗೆ ಅಂಥ ಆಧಾರ ದೊರೆಯಲಿಲ್ಲ. 2017ರಲ್ಲಿ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಹೊಸ ಸೊಂಟನೋವಿಗೆ ಮೊದಲು ಔಷಧವಿಲ್ಲದ ಉಪಾಯಗಳನ್ನು ಸೂಚಿಸಿದಾಗ ಶಾಖವೂ ಅವುಗಳಲ್ಲಿ ಒಂದಾಗಿತ್ತು. ಸೊಂಟ ಹಿಡಿದ ಮೊದಲ ದಿನವೇ ಐಸ್ ಇಟ್ಟುಕೊಂಡು ನಡುಗುತ್ತ ಮಲಗಬೇಕಾದ ಅಗತ್ಯವಿಲ್ಲ.

ಬಿಸಿನೀರಿನ ಚೀಲದ ಕಾವು ಚರ್ಮದಿಂದ ಒಂದೆರಡು ಸೆಂಟಿಮೀಟರ್ ಆಳಕ್ಕಷ್ಟೇ ಇಳಿಯುತ್ತದೆ. ಸೊಂಟದ ಕೀಲುಗಳನ್ನಾಗಲಿ ಬೆನ್ನುಮೂಳೆಯ ಡಿಸ್ಕನ್ನಾಗಲಿ ಅದು ಮುಟ್ಟುವುದೇ ಇಲ್ಲ. ಆದರೂ ನೋವು ತಗ್ಗುವುದೇಕೆಂದರೆ, ಚರ್ಮದ ಬಿಸಿಗ್ರಾಹಕಗಳಿಂದ (ಬಿಸಿಯನ್ನು ಗುರುತಿಸುವ ನರತುದಿಗಳಿಂದ) ಹೊರಟ ಸಂದೇಶಗಳು ನೋವಿನ ಸಂದೇಶವನ್ನು ಮಂಕಾಗಿಸುತ್ತವೆ, ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಈ ಸಡಿಲ ಹೆಚ್ಚು ಹೊತ್ತು ಉಳಿಯುವುದಿಲ್ಲವಾದ್ದರಿಂದ ಅದನ್ನು ಚಲನೆಗೆ ಬಳಸಿಕೊಳ್ಳುವುದು ಮುಖ್ಯ. 15ರಿಂದ 20 ನಿಮಿಷ ಕಾವು ಕೊಟ್ಟು, ಅದು ಆರುವ ಮುನ್ನವೇ ಅಂಗಾತ ಮಲಗಿ ಒಂದೊಂದಾಗಿ ಮಂಡಿಯನ್ನು ಎದೆಯ ಕಡೆಗೆ ಎಳೆದುಕೊಳ್ಳಿ, ಆಮೇಲೆ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ನಡೆಯಿರಿ. ಕಾವು ಕೊಟ್ಟುಕೊಂಡು ಮತ್ತೆ ಮಲಗಿಬಿಡುವವರಿಗೆ ಮರುದಿನ ಬೆಳಗ್ಗೆ ಅದೇ ಬಿಗಿತ ಕಾದಿರುತ್ತದೆ. ಶಾಖದ ವಿಷಯದಲ್ಲಿ ನಾನು ಪಟ್ಟು ಹಿಡಿದು ಹೇಳುವುದು ಇದೊಂದನ್ನೇ, ಮತ್ತು ಜನ ಕೇಳದೆ ಬಿಡುವುದೂ ಇದೊಂದನ್ನೇ.

ಎಷ್ಟು ಬಿಸಿ ಎಂಬುದರಲ್ಲಿ ಅಂದಾಜು ನಡೆಯದು. 1947ರಲ್ಲಿ ಮೊರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಸುಟ್ಟಗಾಯಗಳ ತಿಳಿವಿಗೆ ಇಂದಿಗೂ ಆಧಾರವಾಗಿದೆ. ಅದರ ಪ್ರಕಾರ 44 ಡಿಗ್ರಿಯ ಬಿಸಿ ಸುಮಾರು 6 ಗಂಟೆ ತಾಗಿದ್ದರೆ ಚರ್ಮ ಸುಡುತ್ತದೆ. 60 ಡಿಗ್ರಿಯಾದರೆ ಸುಮಾರು 5 ಸೆಕೆಂಡು ಸಾಕು. ಕುದಿಯುವ ನೀರನ್ನು ಹಾಗೆಯೇ ತುಂಬಿದ ರಬ್ಬರ್ ಚೀಲವನ್ನು ತೆಳ್ಳನೆಯ ಸೀರೆಯ ಮೇಲೆ ಇಟ್ಟುಕೊಳ್ಳುವುದು ಏಕೆ ಅಪಾಯವೆಂಬುದು ಇದರಿಂದ ತಿಳಿಯುತ್ತದೆ. ಹದವಾದ ಬಿಸಿಯಿಟ್ಟುಕೊಂಡು ರಾತ್ರಿಯಿಡೀ ಮಲಗುವುದೂ ಸುರಕ್ಷಿತವಲ್ಲವೆಂಬುದೂ ಅದೇ ಲೆಕ್ಕದಿಂದ ತಿಳಿಯುತ್ತದೆ. ಸುಡದಷ್ಟು ಬಿಸಿಯನ್ನೇ ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ಕೊಡುತ್ತಿದ್ದರೆ ಚರ್ಮದ ಮೇಲೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ಕಾಶ್ಮೀರದಲ್ಲಿ ನಿಲುವಂಗಿಯೊಳಗೆ ಕಾಂಗ್ರಿ ಎಂಬ ಕೆಂಡದ ಮಡಕೆ ಇಟ್ಟುಕೊಳ್ಳುವವರಲ್ಲಿ ಅಂಥ ಚರ್ಮ ವರ್ಷಗಳ ನಂತರ ಕ್ಯಾನ್ಸರಿಗೆ ತಿರುಗಿದ ಉದಾಹರಣೆಗಳು ದಾಖಲಾಗಿವೆ.

ಸಕ್ಕರೆ ಕಾಯಿಲೆ ಇರುವವರ ಪಾದದ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಹಲವು ವರ್ಷಗಳ ಮಧುಮೇಹದಿಂದ ಪಾದದ ನರಗಳು ಸೊರಗಿದಾಗ, ಕಾಲು ಜೋಮು ಹಿಡಿದಂತೆ, ಉರಿದಂತೆ, ತಣ್ಣಗಾದಂತೆ ಅನ್ನಿಸುತ್ತದೆ. ಹಿರಿಯರು ಸಹಜವಾಗಿಯೇ ಹಂಡೆಯ ಬಿಸಿನೀರಿನಲ್ಲಿ ಕಾಲಿಟ್ಟುಕೊಳ್ಳುತ್ತಾರೆ. ನೀರು ಸುಡುತ್ತಿದೆಯೆಂದು ಹೇಳಬೇಕಾದ ನರವೇ ಕೆಲಸ ಮಾಡುವುದಿಲ್ಲ. ಮರುದಿನ ಬೊಬ್ಬೆ ಕಾಣುತ್ತದೆ, ಅದು ಹುಣ್ಣಾಗುತ್ತದೆ, ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಹಂತಕ್ಕೂ ಹೋಗುತ್ತದೆ. ಮನೆಯಲ್ಲೇ ಪರೀಕ್ಷಿಸಲು ಒಂದು ಸುಲಭ ಕ್ರಮವಿದೆ. ಎರಡು ಸ್ಟೀಲ್ ಲೋಟಗಳಲ್ಲಿ ಒಂದಕ್ಕೆ ಉಗುರುಬೆಚ್ಚಗಿನ ನೀರು, ಇನ್ನೊಂದಕ್ಕೆ ತಣ್ಣೀರು ತುಂಬಿ, ಹಿರಿಯರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಲೋಟದ ಹೊರಮೈಯನ್ನು ಪಾದದ ಬೇರೆ ಬೇರೆ ಕಡೆ ಹಿಂದುಮುಂದಾಗಿ ತಾಗಿಸುತ್ತ "ಅಜ್ಜಿ, ಇದು ಬೆಚ್ಚಗಿದೆಯೋ ತಣ್ಣಗಿದೆಯೋ?" ಎಂದು ಕೇಳಿ. ತಡವರಿಸಿದರೆ ಅಥವಾ ತಪ್ಪು ಹೇಳಿದರೆ ಆ ಪಾದಕ್ಕೆ ಬಿಸಿಯೂ ಬೇಡ, ಐಸೂ ಬೇಡ. ಸರಿಯಾಗಿ ಹೇಳಿದರೂ ವೈದ್ಯರು ವರ್ಷಕ್ಕೊಮ್ಮೆ ಮಾಡುವ ಪಾದ ಪರೀಕ್ಷೆಯನ್ನು ಬಿಡಬಾರದು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರಿಗೆ, ಪಾರ್ಶ್ವವಾಯುವಾದ ಬದಿಗೆ, ಕಾಲಿನ ರಕ್ತಸಂಚಾರ ಕುಂದಿದವರಿಗೆ ಈ ನಿಷೇಧ ಅನ್ವಯಿಸುತ್ತದೆ. ಚಳಿಗೆ ಬೆರಳುಗಳು ಬಿಳಿಚಿ ನೀಲಿಗಟ್ಟುವವರೂ, ತಣ್ಣೀರು ತಾಗಿದರೆ ದದ್ದು ಏಳುವವರೂ ಐಸ್‌ನಿಂದ ದೂರವಿರಬೇಕು.

ನೋವಿನ ಮುಲಾಮುಗಳ ತಂಪು ಮತ್ತು ಉರಿಗೂ ನಿಜವಾದ ಉಷ್ಣತೆಗೂ ಸಂಬಂಧವಿಲ್ಲ. ಮೆಂಥಾಲ್ ಚರ್ಮದ ತಂಪುಗ್ರಾಹಕಗಳನ್ನು, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಗ್ರಾಹಕಗಳನ್ನು ಎಚ್ಚರಿಸುತ್ತದೆ. ಈ ಗ್ರಾಹಕಗಳನ್ನು ಗುರುತಿಸಿದ್ದಕ್ಕಾಗಿ ಡೇವಿಡ್ ಜೂಲಿಯಸ್ ಅವರಿಗೆ, ಸ್ಪರ್ಶದ ಗ್ರಾಹಕಗಳನ್ನೂ ಶೋಧಿಸಿದ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ 2021ರ ನೊಬೆಲ್ ಪ್ರಶಸ್ತಿ ದೊರೆಯಿತು. ಮುಲಾಮು ಹಚ್ಚಿದ ಚರ್ಮದ ಮೇಲೆ ಬಿಸಿ ಚೀಲ ಇಡಬೇಡಿ. ಬಿಸಿ ಎಷ್ಟೆಂಬ ಅಂದಾಜು ತಪ್ಪುತ್ತದೆ, ಮುಲಾಮೂ ಹೆಚ್ಚು ಒಳಗೆ ಇಳಿಯುತ್ತದೆ, ಚರ್ಮ ಸುಡುತ್ತದೆ.

ಕೈಯ ಹಿಂಬದಿಗೆ ಬಿಸಿಯಾಗಿ ತೋರುವ ಕೀಲುಗಳಲ್ಲಿ ಮನೆಯಲ್ಲಿ ನಿಭಾಯಿಸಬಾರದ ಕೆಲವು ಇವೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋವಾದರೆ ಅದು ಗೌಟ್, ಅಂದರೆ ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಕಟ್ಟುವ ಕಾಯಿಲೆ, ಇರಬಹುದು. ಅದಕ್ಕೆ ತಂಪು ಹಿತ, ಶಾಖ ಕೊಟ್ಟರೆ ನೋವು ಉಲ್ಬಣಿಸುತ್ತದೆ, ಔಷಧ ಮಾತ್ರ ವೈದ್ಯರಿಂದಲೇ ಆಗಬೇಕು. ಒಂದೇ ಕೀಲು ಬಾತು ಬಿಸಿಯಾಗಿ ಜೊತೆಗೆ ಜ್ವರವೂ ಇದ್ದರೆ ಕೀಲಿನೊಳಗೆ ಕೀವು ಕಟ್ಟಿರುವ ಸಾಧ್ಯತೆಯಿದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯ ನಂತರವೋ, ಹೆರಿಗೆಯ ನಂತರವೋ, ದೀರ್ಘ ಪ್ರಯಾಣದ ನಂತರವೋ ಒಂದೇ ಕಾಲಿನ ಮೀನಖಂಡ ಬಾತು ಬಿಗಿದು ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ಶಾಖ ಕೊಡುವುದೂ ತಿಕ್ಕುವುದೂ ಸಲ್ಲದು, ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ. ಬಾಣಂತಿಯರಿಗೆ ದಿನವೂ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ ಮನೆಗಳಲ್ಲಿ, ಸ್ನಾನಕ್ಕೆ ಕೂರಿಸುವ ಮುನ್ನ ಎರಡೂ ಮೀನಖಂಡಗಳನ್ನು ಜೋಡಿಸಿ ನೋಡಿ, ಒಂದು ಇನ್ನೊಂದಕ್ಕಿಂತ ದಪ್ಪವಾಗಿ ಕಂಡರೆ ಆ ದಿನ ತಿಕ್ಕದೆ ವೈದ್ಯರಿಗೆ ತೋರಿಸಬೇಕು.