ಪದ ಪರಿಚಯ: ಸ್ಟೇಟಸ್ ಅಫೆನ್ಸ್

ದೊಡ್ಡವರು ಮಾಡಿದರೆ ಯಾರೂ ಕೇಳುವುದಿಲ್ಲ, ಹದಿನೆಂಟು ತುಂಬದವರು ಮಾಡಿದರೆ ಕೋರ್ಟು ಕರೆಯುತ್ತದೆ. ಅಂಥ ತಪ್ಪಿಗೆ ಅಮೆರಿಕದ ಬಾಲನ್ಯಾಯದಲ್ಲಿ ಸ್ಟೇಟಸ್ ಅಫೆನ್ಸ್ ಎನ್ನುತ್ತಾರೆ. ಮನೆ ಬಿಟ್ಟು ಓಡುವುದು, ಶಾಲೆ ತಪ್ಪಿಸುವುದು, ಹೆತ್ತವರ ಹತೋಟಿಗೆ ಸಿಗದಿರುವುದು ಇದರಲ್ಲಿ ಸೇರುತ್ತವೆ. ‘ಸ್ಟೇಟಸ್’ ಎಂದರೆ ಇಲ್ಲಿ ಅಂತಸ್ತಲ್ಲ, ಅಪ್ರಾಪ್ತ ವಯಸ್ಸು.

ಹುಡುಗ ಹುಡುಗಿಯರ ನಡುವೆ ಕೋರ್ಟು ಮಾಡುವ ಭೇದ ತಿಳಿಯಬೇಕಾದರೆ ಈ ಪದದಿಂದಲೇ ಶುರುಮಾಡಬೇಕು. ಕಳವು, ಹೊಡೆದಾಟದ ಪ್ರಕರಣಗಳಲ್ಲಿ ಹುಡುಗರೇ ಹೆಚ್ಚು. ಮನೆ ಬಿಟ್ಟು ಓಡಿದ ಪ್ರಕರಣಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಹುಡುಗರು ಓಡುವುದಿಲ್ಲವೆಂದಲ್ಲ, ಮಗ ರಾತ್ರಿ ಬಾರದಿದ್ದರೆ ಕಾಯುವ ಮನೆಯವರು ಮಗಳು ಬಾರದಿದ್ದರೆ ಪೊಲೀಸರ ಬಳಿ ಹೋಗುತ್ತಾರೆ. 1899ರಲ್ಲಿ ಇಲಿನಾಯ್‌ನ ಕುಕ್ ಕೌಂಟಿಯಲ್ಲಿ ಹುಟ್ಟಿದ ಮೊದಲ ಬಾಲನ್ಯಾಯಾಲಯ ತನ್ನನ್ನು ತಂದೆಯ ಸ್ಥಾನದಲ್ಲಿ ಕಂಡುಕೊಂಡಿತ್ತು. ಆ ತಂದೆ ಹುಡುಗನ ಕೃತ್ಯವನ್ನು ನೋಡಿದ, ಹುಡುಗಿಯ ಶೀಲವನ್ನು ನೋಡಿದ. ಸಣ್ಣ ಕಳವಿಗೆ ಅವಳ ಮೇಲೆ ತೋರುವ ಮೃದುತ್ವವೂ ಮನೆ ಬಿಟ್ಟಾಗಿನ ಕಾಠಿಣ್ಯವೂ ಒಂದೇ ಬೇರಿನವು ಎಂಬುದನ್ನು ಅಮೆರಿಕದ ಅಪರಾಧಶಾಸ್ತ್ರಜ್ಞೆ ಮೇಡಾ ಚೆಸ್ನಿ-ಲಿಂಡ್ 1970ರ ದಶಕದಿಂದಲೇ ಬರೆಯುತ್ತ ಬಂದರು.

ನ್ಯೂಯಾರ್ಕ್‌ನಲ್ಲಿ ಈ ಭೇದ ಕಾನೂನಿನಲ್ಲೇ ಇತ್ತು: ‘ಹತೋಟಿ ಮೀರಿದ’ ಹುಡುಗನ ಮೇಲೆ ಕೋರ್ಟಿನ ಹಿಡಿತ 16ರವರೆಗೆ, ಹುಡುಗಿಯ ಮೇಲೆ 18ರವರೆಗೆ. 1972ರಲ್ಲಿ ಅದು ರದ್ದಾಯಿತು.

1974ರ ಅಮೆರಿಕದ ಕೇಂದ್ರ ಕಾನೂನು, ಇಂಥ ಮಕ್ಕಳನ್ನು ಕೂಡಿಹಾಕಬೇಡಿ ಎಂದಿತು. 1980ರ ತಿದ್ದುಪಡಿ ಒಂದು ಕಿಂಡಿ ತೆರೆಯಿತು. ‘ಮನೆ ಬಿಡಬೇಡ’ ಎಂದು ನ್ಯಾಯಾಧೀಶರು ಆದೇಶಿಸುತ್ತಾರೆ. ಹುಡುಗಿ ಮತ್ತೆ ಓಡುತ್ತಾಳೆ. ಈಗ ಆದದ್ದು ಆದೇಶದ ಉಲ್ಲಂಘನೆ, ಅದಕ್ಕೆ ಬಂಧನ ಸಾಧ್ಯ. ಇದಕ್ಕೆ ಬೂಟ್‌ಸ್ಟ್ರ್ಯಾಪಿಂಗ್ ಎಂದು ಹೆಸರು. ಮನೆಯೊಳಗಿನ ಹಿಂಸೆಯಿಂದ ಓಡಿದವಳಿಗೆ ಆ ಆದೇಶವೇ ಅಪಾಯ ಎನ್ನುವುದನ್ನು ಯಾರೂ ವಿಚಾರಿಸದಿದ್ದಾಗ ಇದು ಘೋರ ಅನ್ಯಾಯ. 2018ರ ಕಾನೂನು ಕಿಂಡಿ ಮುಚ್ಚಲಿಲ್ಲ, ಬಂಧನವನ್ನು ಏಳು ದಿನಕ್ಕೆ ಮಿತಿಗೊಳಿಸಿತು.

ನಮ್ಮ 1986ರ ಬಾಲನ್ಯಾಯ ಕಾಯ್ದೆಯಲ್ಲೂ ಹುಡುಗನಿಗೆ 16, ಹುಡುಗಿಗೆ 18 ಎಂದಿತ್ತು. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. ಮನೆ ಬಿಟ್ಟು ಓಡುವುದು ನಮ್ಮಲ್ಲಿ ಅಪರಾಧವಲ್ಲ. ಅಂಥ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಆದರೆ ಅಪರಾಧದ ಆರೋಪವಿರುವ ಮಗುವಿನ ಜಾಮೀನನ್ನು ‘ನೈತಿಕ ಅಪಾಯ’ದ ಕಾರಣಕ್ಕೆ ನಿರಾಕರಿಸಲು 2015ರ ಕಾಯ್ದೆಯ 12ನೇ ಕಲಂ ಬಿಡುತ್ತದೆ. ಹುಡುಗಿಯ ಪ್ರಕರಣದಲ್ಲಿ ಈ ಪದ ಕಂಡರೆ ಬಾಲನ್ಯಾಯ ಮಂಡಳಿಯ ಆದೇಶವನ್ನು ಗಮನವಿಟ್ಟು ಓದಿ: ನಿರಾಕರಣೆಯ ಕಾರಣವನ್ನೂ ಸಂದರ್ಭವನ್ನೂ ಅದು ದಾಖಲಿಸಲೇಬೇಕು.