ಒಂಟಿ ಸೆರೆ: ಬೇರೆ ಖೋಲಿ ಕೊಟ್ಟರೆ ಅದು ಸವಲತ್ತಾ, ಶಿಕ್ಷೆಯಾ?

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಯಾವುದೋ ಪಕ್ಷದ ಮುಖಂಡರು ಜೈಲು ಸೇರಿದ ಸುದ್ದಿ ಪೇಪರಿನಲ್ಲಿತ್ತು. "ನಮ್ಮ ಸಾಹೇಬ್ರನ್ನ ಒಬ್ಬರನ್ನೇ ಬ್ಯಾರೆ ಖೋಲ್ಯಾಗ ಇಟ್ಟಾರಂತ್ರೀ, ಅನ್ಯಾಯ" ಅಂದ ಒಬ್ಬ ಕಾರ್ಯಕರ್ತ. ಪಕ್ಕದಲ್ಲಿದ್ದ ಹಿರಿಯರು ನಕ್ಕರು. "ಅನ್ಯಾಯ ಹ್ಯಾಂಗೋ ತಮ್ಮಾ? ಉಳಿದವರು ಬ್ಯಾರಕ್‌ನ್ಯಾಗ ಮೈಗೆ ಮೈ ಹಚ್ಚಿ ಮಲಗ್ತಾರ. ನಿಮ್ಮ ಸಾಹೇಬ್ರಿಗೆ ಸಪರೇಟ್ ರೂಮ್ ಸಿಕ್ಕೈತಿ."

ಇಬ್ಬರೂ ಪೂರ್ತಿ ತಪ್ಪಲ್ಲ. ಬೇರೆ ಖೋಲಿ ಬೇರೆ, ಒಂಟಿ ಸೆರೆ ಬೇರೆ. ಎರಡರ ನಡುವಿನ ಗೆರೆ ಮಾತ್ರ ತುಂಬ ತೆಳ್ಳಗಿದೆ.

ಮೊದಲು ಪದ ನೋಡೋಣ. ಪತ್ರಿಕೆಗಳು ಇದನ್ನು 'ಏಕಾಂತ ಸೆರೆ' ಅಂತ ಬರೆಯುತ್ತವೆ. ನನಗೆ ಅದು ಹಿಡಿಸುವುದಿಲ್ಲ. ಏಕಾಂತ ನಾವಾಗಿಯೇ ಹುಡುಕಿಕೊಂಡು ಹೋಗುವಂಥದ್ದು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯ ಬರುತ್ತಾನೆ. ಒಬ್ಬನೇ ಕೂತು ಶಿವನನ್ನು ಪೂಜಿಸುತ್ತಿದ್ದ, ಅದಕ್ಕೇ ಆ ಹೆಸರು. ಹೊರಗಿನಿಂದ ಬೇರೆಯವರು ಚಿಲಕ ಹಾಕಿದರೆ ಅದು ಏಕಾಂತ ಹೇಗಾಗುತ್ತೆ? 'ಒಂಟಿ ಸೆರೆ' ಅನ್ನುವುದೇ ವಾಸಿ.

ಉಳಿದ ಕೈದಿಗಳು ಕಣ್ಣಿಗೂ ಬೀಳಬಾರದು, ಮಾತಿಗೂ ಸಿಗಬಾರದು. ಹಾಗೆ ಇಡುವುದು ಒಂಟಿ ಸೆರೆ. ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯಲ್ಲಿ ಪ್ರತ್ಯೇಕ ಸೆರೆ ಅಂತ ಇನ್ನೊಂದಿದೆ. ಅದರಲ್ಲಿ ಮಾತಿಲ್ಲ, ಆದರೆ ಬೇರೆಯವರು ಕಣ್ಣಿಗೆ ಬೀಳುತ್ತಾರೆ. ದಿನಕ್ಕೆ ಒಂದು ಗಂಟೆಯಾದರೂ ವ್ಯಾಯಾಮಕ್ಕೆ ಬಿಡಬೇಕು, ಊಟಕ್ಕೆ ಒಬ್ಬರಾದರೂ ಜೊತೆಗಿರಬೇಕು. ನೆಲ್ಸನ್ ಮಂಡೇಲಾ ಹೆಸರಿನಲ್ಲಿ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನಿಯಮಗಳು ಗಂಟೆ ಲೆಕ್ಕದಲ್ಲೇ ಹೇಳುತ್ತವೆ: ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಮನುಷ್ಯರ ಒಡನಾಟವೇ ಇಲ್ಲದೆ ಇಟ್ಟರೆ ಅದು ಒಂಟಿ ಸೆರೆ. ಒಂದೇ ಸಮ 15 ದಿನ ದಾಟಿಸುವಂತಿಲ್ಲ.

ನಮ್ಮಲ್ಲಿ ಇದು ಕಾನೂನಿನಲ್ಲೇ ಇರುವ ಶಿಕ್ಷೆ. 1860ರ ದಂಡ ಸಂಹಿತೆಯ 73 ಮತ್ತು 74ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 11 ಮತ್ತು 12 ಆಗಿ ಕೂತಿದೆ. ನಂಬರ್ ಬದಲಾಯಿತು, ಸರಕು ಅದೇ! ಕಠಿಣ ಸಜೆ ಕೊಡುವಾಗ ಕೋರ್ಟು ಮಾತ್ರ ಇದನ್ನು ಸೇರಿಸಬಹುದು. ಸಜೆ ಎಷ್ಟೇ ಉದ್ದವಿರಲಿ, ಒಟ್ಟು 3 ತಿಂಗಳು ಮೀರುವಂತಿಲ್ಲ. ಒಂದೇ ಸಲಕ್ಕೆ 14 ದಿನಕ್ಕಿಂತ ಜಾಸ್ತಿ ಇಲ್ಲ, ನಡುವೆ ಅಷ್ಟೇ ದಿನ ಬಿಡುವು ಕೊಡಬೇಕು. ಇದರ ಅರ್ಥ ಇಷ್ಟೇ: ವಿಚಾರಣಾಧೀನ ಕೈದಿಗೆ ಈ ಶಿಕ್ಷೆ ಇಲ್ಲವೇ ಇಲ್ಲ. ಅವನಿಗೆ ಇನ್ನೂ ಸಜೆಯೇ ಆಗಿಲ್ಲ ಅಲ್ವಾ?

ಆದರೆ ಒಳಗೆ ನಡೆಯುವುದು ಹೆಸರಿನ ಆಟ. 'ಭದ್ರತೆಗಾಗಿ' ಅಂತ ಬರೆದು ಒಬ್ಬನನ್ನೇ ಕೂಡಿ ಹಾಕಿದರೆ ಕಾಗದದಲ್ಲಿ ಅದು ಒಂಟಿ ಸೆರೆ ಅನ್ನಿಸುವುದಿಲ್ಲ. ದಿಲ್ಲಿಯ ತಿಹಾರ್ ಜೈಲಿನಲ್ಲಿ ಹೀಗೇ ಆಯಿತು. ಗಲ್ಲು ಶಿಕ್ಷೆಯಾಗಿದ್ದ ಸುನಿಲ್ ಬಾತ್ರಾನನ್ನು ಒಂಟಿಯಾಗಿ ಇಟ್ಟಿದ್ದರು. ಗಲ್ಲಿನ ಕೈದಿಯನ್ನು ಬೇರೆ ಇಡಬೇಕು ಅಂತ 1894ರ ಕಾಯ್ದೆಯ 30ನೇ ಕಲಮೇ ಹೇಳುತ್ತದಲ್ಲ ಅನ್ನುವುದು ಜೈಲಿನವರ ವಾದ. 1978ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಬೇರೆ ಇಡುವುದು ಅಂದರೆ ಒಂಟಿ ಸೆರೆಯಲ್ಲ. ಮೇಲ್ಮನವಿ, ಕ್ಷಮಾದಾನದ ಅರ್ಜಿ ಎಲ್ಲ ಮುಗಿಯುವ ತನಕ ಅವನನ್ನು ಗಲ್ಲಿನ ಕೈದಿ ಅಂತ ಎಣಿಸುವಂತೆಯೂ ಇಲ್ಲ. ಜೈಲಿನ ಗೇಟು ದಾಟಿದ ಮಾತ್ರಕ್ಕೆ ಸಂವಿಧಾನದ ಹಕ್ಕು ಹೊರಗೇ ಉಳಿಯುವುದಿಲ್ಲ ಅನ್ನುವುದು ತೀರ್ಪಿನ ತಿರುಳು.

ಇಷ್ಟಾದರೂ ನಮ್ಮ ಪಕ್ಕದ ಬೆಳಗಾವಿಯಲ್ಲೇ ಅದು ಮತ್ತೆ ನಡೆಯಿತು. ಗಲ್ಲು ಶಿಕ್ಷೆಯಾಗಿದ್ದ ಕೈದಿಯೊಬ್ಬ ಅಲ್ಲಿನ ಜೈಲಿನಲ್ಲಿ ಸುಮಾರು 10 ವರ್ಷ ಒಂಟಿಯಾಗಿದ್ದ. ಅವನು ಮಾಡಿದ ಅಪರಾಧ ಘೋರವೇ. ಆದರೂ ಹಾಗೆ ಇಡಲು ಕಾನೂನಿನ ಬಲವಿರಲಿಲ್ಲ, ಅವನ ಮನಸ್ಸು ಕೆಟ್ಟಿತ್ತು ಅಂತ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಲ್ಲು ರದ್ದು ಮಾಡಿ, ಕಡಿಮೆ ಅಂದರೂ 30 ವರ್ಷದ ಜೀವಾವಧಿ ಕೊಟ್ಟಿತು. 14 ದಿನ ಎಲ್ಲಿ, 10 ವರ್ಷ ಎಲ್ಲಿ.

ಇನ್ನು ಪಕ್ಷಗಳ ವಿಷಯ. ಜೈಲು ಭರೋ, ಬಿಡುಗಡೆಯಾದಾಗ ಹಾರ, ಪಟಾಕಿ ಎಲ್ಲ ನಮಗೆ ಗೊತ್ತು. ಜೈಲಿಗೆ ಹೋಗಿ ಬಂದದ್ದು ಭಾಷಣದಲ್ಲಿ ಬಂಡವಾಳ. ತಮ್ಮವರು ಒಳಗಿದ್ದರೆ ಕೈದಿಯ ಹಕ್ಕು ನೆನಪಾಗುತ್ತದೆ, ಎದುರು ಪಕ್ಷದವರು ಒಳಗಿದ್ದರೆ 'ಅಲ್ಲೇ ಕೊಳೀಲಿ'. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು. ಅದೇ ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅಲ್ಲಿಂದ ಬಂದವರು ಮುಂದೆ ದಿಲ್ಲಿಯಲ್ಲಿ ಮಂತ್ರಿಗಳಾದರು. ಒಂಟಿ ಸೆರೆಯ ಕಲಮು ಮಾತ್ರ ಅಲ್ಲೇ ಇತ್ತು.

ಯಾಕೆ ಅಂದರೆ ನನಗೆ ಕಾಣುವ ಕಾರಣ ತುಂಬ ಸಣ್ಣದು. 1951ರ ಜನಪ್ರಾತಿನಿಧ್ಯ ಕಾಯ್ದೆಯ 62ನೇ ಕಲಮಿನ ಪ್ರಕಾರ ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ತಮಾಷೆ ನೋಡಿ, ಸಜೆಯಾಗದೆ ಒಳಗಿರುವ ಮನುಷ್ಯ ಚುನಾವಣೆಗೆ ನಿಲ್ಲಬಹುದು, ತನಗೆ ತಾನೇ ಓಟು ಹಾಕಿಕೊಳ್ಳುವಂತಿಲ್ಲ! ಹಾಗಾಗಿ ಓಟು ಕೇಳುವ ಜೀಪು ಊರೆಲ್ಲ ಸುತ್ತಿದರೂ ಜೈಲಿನ ಗೋಡೆ ಹತ್ತಿರ ನಿಲ್ಲುವುದಿಲ್ಲ.

ಗದಗಿನ ಅಥವಾ ಹಾವೇರಿಯ ಮನೆಯೊಂದಕ್ಕೆ ತಮ್ಮ ಹುಡುಗನನ್ನು ಹೀಗೆ ಇಟ್ಟಿದ್ದಾರೆ ಅನ್ನಿಸಿದರೆ ಏನು ದಾರಿ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಸೆರೆಯಲ್ಲಿರುವವರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ, 1987ರ ಕಾಯ್ದೆಯ ಪ್ರಕಾರ ಅದು ಹಕ್ಕು. ಹೈಕೋರ್ಟಿಗೆ ಮೊದಲು ಬೆಂಗಳೂರಿಗೇ ಹೋಗಬೇಕಿತ್ತು. 2008ರಿಂದ ಧಾರವಾಡದಲ್ಲೇ ಪೀಠವಿದೆ. ಬಸ್ ಹತ್ತಿದರೆ ಸಂಜೆಗೆ ಮನೆಗೆ ವಾಪಸ್ ಬರಬಹುದು. ಅರ್ಜಿಯ ಭಾಷೆ ಬಾರದು ಅಂತ ಹಿಂಜರಿಯಬೇಕಾಗಿಲ್ಲ. ಅದೇ ಬಾತ್ರಾ ಮುಂದೆ ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಜೈಲಿನಿಂದ ನ್ಯಾಯಮೂರ್ತಿಗೆ ಒಂದು ಪತ್ರ ಬರೆದಿದ್ದ. ಸುಪ್ರೀಂ ಕೋರ್ಟ್ ಆ ಪತ್ರವನ್ನೇ ಅರ್ಜಿ ಅಂತ ತಗೊಂಡು ವಿಚಾರಣೆ ನಡೆಸಿತು.