ನೀಲಿಬಾಲದ ಹಾವುರಾಣಿ: ‘ಕಾಡಿನಲ್ಲಿ ಅಳಿದಿದೆ’ ಅಂದರೇನು?

ನಮ್ಮ ಉಡುಪಿ, ಮಂಗಳೂರಿನ ಹಿತ್ತಿಲಲ್ಲಿ ಒಣಗಿದ ಮಡಲು ಎತ್ತಿದರೆ ಸರ್ರನೆ ಓಡುತ್ತದಲ್ವಾ, ಹಾವುರಾಣಿ, ಅದರದ್ದೇ ಬಳಗ ಇದು. ವಿಷ ಇದೆ ಅಂತ ಈಗಲೂ ಹೆದರುವವರಿದ್ದಾರೆ. ಹಾವುರಾಣಿಗೆ ವಿಷ ಇಲ್ಲ.

ನೀಲಿಬಾಲದ್ದರ ಊರು ಕ್ರಿಸ್ಮಸ್ ದ್ವೀಪ. ಜಾವಾದಿಂದ ಸುಮಾರು 350 ಕಿ.ಮೀ. ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿದೆ, ಆಡಳಿತ ಆಸ್ಟ್ರೇಲಿಯಾದ್ದು. ಬೆರಳುದ್ದದ ಪ್ರಾಣಿ. ಕಪ್ಪು ಮೈ ಮೇಲೆ ಹಳದಿ ಗೆರೆಗಳು, ಬಾಲ ಮಾತ್ರ ಕಣ್ಣು ಕುಕ್ಕುವ ನೀಲಿ. ಹಿಡಿಯಲು ಬಂದವರ ಕಣ್ಣು ಮೊದಲು ಬಾಲಕ್ಕೇ ಹೋಗಲಿ, ಬಾಲ ಕಳಚಿಕೊಟ್ಟು ಜೀವ ಉಳಿಸಿಕೊಳ್ಳೋಣ ಅನ್ನುವ ಲೆಕ್ಕ. ನಮ್ಮಲ್ಲೂ ಒಂದು ಜಾತಿಯ ಹಾವುರಾಣಿಯ ಮರಿಗೆ ಕೆಂಪು ಬಾಲ ಇರುತ್ತದೆ, ನೋಡಿರಬಹುದು. ಇನ್ನೊಂದು ವಿಚಿತ್ರ, ನೀಲಿಬಾಲದ್ದಕ್ಕೆ ಕಣ್ಣು ಮುಚ್ಚಲು ಬರುವುದಿಲ್ಲ. ರೆಪ್ಪೆ ಅಂಟಿಕೊಂಡು, ಹಾವಿನ ಕಣ್ಣಿಗಿರುವಂಥ ಪಾರದರ್ಶಕ ಪೊರೆಯಾಗಿದೆ.

ಒಂದು ಕಾಲದಲ್ಲಿ ದ್ವೀಪದ ಮನೆ ತೋಟಗಳಲ್ಲೂ ಬೇಕಾದಷ್ಟಿತ್ತು. 1980ರ ದಶಕದಲ್ಲಿ ಹಡಗಿನ ಸರಕಿನ ಜೊತೆ ತೋಳ ಹಾವು ಬಂದಿಳಿಯಿತು. ನಮ್ಮ ಮನೆಗಳಲ್ಲಿ ಹಲ್ಲಿ ಹಿಡಿಯಲು ಗೋಡೆ ಹತ್ತುತ್ತದಲ್ಲ, ವಿಷದ ಕಡಂಬಳ (ಕಟ್ಟುಹಾವು) ಅಂದುಕೊಂಡು ಜನ ಸುಮ್ನೆ ಹೊಡೆದು ಕೊಲ್ಲುವ ಪಾಪದ ಹಾವು, ಅದರ ಹತ್ತಿರದ ಸಂಬಂಧಿ. ಇಲ್ಲಿನ ಹಲ್ಲಿಗಳು ಅದರ ಜೊತೆಗೇ ಬದುಕಿ ಕಲಿತಿವೆ. ಅಲ್ಲಿನವಕ್ಕೆ ಇಂಥ ಬೇಟೆಗಾರ ಹಾವು ಗೊತ್ತೇ ಇರಲಿಲ್ಲ. ‘ಹುಚ್ಚು ಇರುವೆ’ ಅನ್ನುವ ಜಾತಿಯ ಇರುವೆ, ದೊಡ್ಡ ಜರಿ, ಬೆಕ್ಕು ಇವುಗಳ ಮೇಲೂ ಅನುಮಾನ ಇದೆ, ಆದರೆ ಮುಖ್ಯ ಆರೋಪಿ ತೋಳ ಹಾವೇ. 2010ರ ನಂತರ ದ್ವೀಪದ ಕಾಡಿನಲ್ಲಿ ನೀಲಿಬಾಲದ್ದು ಒಂದೂ ಕಂಡಿಲ್ಲ.

ಅಷ್ಟರೊಳಗೆ 66 ಹಾವುರಾಣಿಗಳನ್ನು ಹಿಡಿದು ಸಾಕಲು ಶುರುಮಾಡಿದ್ದರು, ಕೆಲವನ್ನು ದ್ವೀಪದಲ್ಲೇ, ಕೆಲವನ್ನು ಸಿಡ್ನಿಯ ಟರೋಂಗಾ ಮೃಗಾಲಯದಲ್ಲಿ. ಹೀಗೆ ಜಾತಿ ಉಳಿದಿದೆ, ಆದರೆ ತನ್ನ ಊರಿನ ಕಾಡಿನಲ್ಲಿ ಒಂದೂ ಇಲ್ಲ ಅನ್ನುವ ಸ್ಥಿತಿಗೇ ‘ಕಾಡಿನಲ್ಲಿ ಅಳಿದಿದೆ’ ಅನ್ನುವುದು. ಬರೀ ‘ಅಳಿದಿದೆ’ ಅಂದರೆ ಏನು ಅಂತ ನೋಡಲು ಅದೇ ದ್ವೀಪದ ‘ಕಾಡು ಹಾವುರಾಣಿ’ ಅನ್ನುವ ಇನ್ನೊಂದು ಜಾತಿ ಸಾಕು. ಗಂಪ್ ಅನ್ನುವ ಹೆಸರಿನ ಒಂಟಿ ಹೆಣ್ಣು 2014ರಲ್ಲಿ ಸತ್ತಿತು, ಅಲ್ಲಿಗೆ ಆ ಜಾತಿಯೇ ಮುಗಿಯಿತು.

ಸಾಕಿದ ನೀಲಿಬಾಲದವುಗಳು ಚೆನ್ನಾಗಿ ಮರಿಮಾಡಿವೆ. 2019ರಲ್ಲಿ ಕೆಲವನ್ನು ಅದೇ ಸಾಗರದ ಕೋಕೋಸ್ ದ್ವೀಪಗಳ ಪುಟ್ಟ ಕುದುರೊಂದಕ್ಕೆ ಬಿಟ್ಟರು. ಅಲ್ಲಿ ತೋಳ ಹಾವಿಲ್ಲ. ಸ್ವಂತ ಊರಿನ ಕಾಡಿಗೆ ಬಿಡೋಣ ಅಂದರೆ ಆ ಹಾವು ಇನ್ನೂ ಅಲ್ಲೇ ಇದೆ, ಇಡೀ ದ್ವೀಪದಿಂದ ಅದನ್ನು ತೆಗೆಯುವ ದಾರಿ ಸಿಕ್ಕಿಲ್ಲ.